ಮಾವನ ಸೈಕಲ್ಲಿಗೆ ಕಾರು ಗುದ್ದಿದ ಮೇಲೆ

ನನ್ನ ಸೋದರಮಾವನಿಗೆ ಕಾರು ಗುದ್ದಿದ್ದು 2023ರಲ್ಲಿ, ಮೈಸೂರಿನ ರಿಂಗ್ ರೋಡಿನಲ್ಲಿ, ಬೋಗಾದಿ ಕಡೆ. ಮಾವ ಮರಗೆಲಸದವರು. ಆಗ 44 ವರ್ಷ. ಕೆಲಸಕ್ಕೆ ಹೋಗಿಬರೋದು ಮೊದಲಿನಿಂದಲೂ ಸೈಕಲ್ಲಿನಲ್ಲೇ. ಅವತ್ತು ಕತ್ತಲಾಗುವ ಹೊತ್ತಿಗೆ ರಸ್ತೆಯ ಎಡ ಅಂಚಿನಲ್ಲಿ ಮನೆ ಕಡೆ ಬರುತ್ತಿದ್ದರು. ಹಿಂದಿನಿಂದ ಬಂದ ಕಾರು ಹೊಡೆಯಿತು. ಬಲಗೈ ಮಣಿಕಟ್ಟಿನ ಹತ್ತಿರ ಎರಡೂ ಮೂಳೆ ಮುರಿಯಿತು. ತಲೆಗೆ ಹೊಲಿಗೆ ಬಿತ್ತು. ಸ್ವಲ್ಪ ಹೊತ್ತು ಪ್ರಜ್ಞೆಯೇ ಇರಲಿಲ್ಲ.

ಆಮೇಲೆ ಆಸ್ಪತ್ರೆ, ಸ್ಟೇಷನ್, ವಕೀಲರ ಆಫೀಸು, ಕೋರ್ಟು ಅಂತ ಅಲೆದಿದ್ದು ಹೆಚ್ಚಾಗಿ ನಾನೇ. ಅತ್ತೆಗೆ ಮನೆ, ಮಾವ, ಇಬ್ಬರು ಮಕ್ಕಳನ್ನು ನೋಡಿಕೊಳ್ಳೋದೇ ಸಾಕಾಗಿತ್ತು. ಆ ಅಲೆದಾಟದಲ್ಲಿ ನನಗೆ ಗೊತ್ತಾಗಿದ್ದನ್ನು ಬರೆದಿಡುತ್ತಿದ್ದೇನೆ. ಸೈಕಲ್ ತುಳಿದು ದುಡಿಯುವವರು ಇರುವ ಎಷ್ಟೋ ಮನೆಗಳಿಗೆ ಇದು ಬೇಕಾಗುತ್ತೆ.

ಪ್ರಜ್ಞೆ ಇರಲಿಲ್ಲ ಅಂದೆ ಅಲ್ವಾ, ಅದೇ ಇಲ್ಲಿ ದೊಡ್ಡ ವಿಷಯ. ಏನಾಯಿತು ಅಂತ ಹೇಳಬೇಕಾದ ಮನುಷ್ಯ ರಸ್ತೆ ಮೇಲೆ ಮಾತಿಲ್ಲದೆ ಬಿದ್ದಿದ್ದ ಹೊತ್ತಿನಲ್ಲಿ ಸುತ್ತ ನಿಂತವರೆಲ್ಲ ಸೇರಿ ಏನಾಯಿತು ಅಂತ ತೀರ್ಮಾನ ಮಾಡಿಯಾಗಿತ್ತು. "ಸೈಕಲ್‌ನವನು ಅಡ್ಡ ಬಂದ." ಅಷ್ಟೇ. ಗುದ್ದಿದ್ದನ್ನು ಕಣ್ಣಾರೆ ನೋಡಿದವರು ಅಲ್ಲಿ ಯಾರೂ ಇರಲಿಲ್ಲ ಅಂತ ನಮಗೆ ಗೊತ್ತಾಗಿದ್ದು ತುಂಬಾ ದಿನ ಆದ ಮೇಲೆ. ಸದ್ದು ಕೇಳಿ ಓಡಿ ಬಂದವರೇ ಎಲ್ಲ. ಹಾಗಿದ್ದರೂ ಒಬ್ಬರ ಬಾಯಿಂದ ಒಬ್ಬರಿಗೆ ಹೋಗಿ ಆ ಮಾತೇ ಗಟ್ಟಿಯಾಯಿತು.

ಕಾರಿನ ಹುಡುಗನ ಬಗ್ಗೆ ಒಂದು ಒಳ್ಳೆ ಮಾತು ಹೇಳಲೇಬೇಕು. ಅವನು ಓಡಿಹೋಗಲಿಲ್ಲ. ಮಾವನನ್ನು ತನ್ನ ಕಾರಿನಲ್ಲೇ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸೋದು ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ ಚಾಲಕನ ಕರ್ತವ್ಯ, ಆದರೆ ಎಷ್ಟು ಜನ ಮಾಡ್ತಾರೆ? ಅವನು ಮಾಡಿದ್ದರಿಂದ ಮಾವನ ಜೀವ ಉಳಿಯಿತು ಅಂತ ನಾನು ಈಗಲೂ ನಂಬಿದ್ದೇನೆ. ಆದರೆ ಏನಾಯಿತು ಅಂತ ಆಸ್ಪತ್ರೆಯವರು ಕೇಳಿದಾಗ ಉತ್ತರ ಹೇಳಿದವನೂ ಅವನೇ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗ, ಕೈಕಾಲು ನಡುಗುತ್ತಿತ್ತಂತೆ. "ಸೈಕಲ್‌ನಿಂದ ಬಿದ್ದುಬಿಟ್ಟರು" ಅಂದ. ಅವರು ಅದನ್ನೇ ಬರೆದುಕೊಂಡರು. ಕೇಸ್ ಶೀಟಿನಲ್ಲಿ ಇವತ್ತಿಗೂ ಹಾಗೇ ಇದೆ: ಸೈಕಲ್ಲಿನಿಂದ ಬಿದ್ದು ಪೆಟ್ಟು. ಕಾರಿನ ಸುದ್ದಿಯೇ ಇಲ್ಲ.

ಈ ಒಂದು ಸಾಲು ನಮ್ಮನ್ನು ಆಟ ಆಡಿಸಿದ್ದು ಅಷ್ಟಿಷ್ಟಲ್ಲ. ವಿಮೆ ಕಂಪನಿಯವರು ಮೊದಲು ಹುಡುಕೋದೇ ಈ ಸಾಲನ್ನು ಅಂತ ಆಮೇಲೆ ನಮ್ಮ ವಕೀಲರು ಹೇಳಿದರು. ತಾನಾಗೇ ಬಿದ್ದಿದ್ದರೆ ಕಾರಿನ ವಿಮೆಗೂ ಇವರಿಗೂ ಸಂಬಂಧವೇ ಇಲ್ಲವಲ್ಲ. ಹಾಗಾಗಿ ಯಾರ ಮನೆಯಲ್ಲಾದರೂ ಹೀಗಾದರೆ ಆಸ್ಪತ್ರೆಗೆ ಹೋದ ತಕ್ಷಣ ಎಂಎಲ್‌ಸಿ (ಪೊಲೀಸ್ ಕೇಸಾಗಬಹುದಾದ ಗಾಯ ಅಂತ ಆಸ್ಪತ್ರೆಯವರು ಮಾಡುವ ದಾಖಲೆ) ಆಗಿದೆಯಾ, ಅದರಲ್ಲಿ ಏನು ಬರೆದಿದ್ದಾರೆ, ವಾಹನ ಗುದ್ದಿದ್ದು ಅಂತ ಇದೆಯಾ ಅಂತ ಕೇಳಿ ನೋಡಿ. ಗಾಯಾಳುವಿಗೆ ಪ್ರಜ್ಞೆ ಬಂದ ಮೇಲೆ ಅವರು ಹೇಳಿದ್ದನ್ನೂ ದಾಖಲು ಮಾಡಿ ಅಂತ ಡ್ಯೂಟಿ ಡಾಕ್ಟರಿಗೆ ಬರವಣಿಗೆಯಲ್ಲಿ ಕೊಡಿ. ನಾವು ಕೊಟ್ಟೆವು. ಹಳೇ ಸಾಲನ್ನು ಅವರು ಹೊಡೆದುಹಾಕಲಿಲ್ಲ, ಆದರೆ ಕೆಳಗೆ ಇನ್ನೊಂದು ಸಾಲು ಸೇರಿಸಿದರು. ಮುಂದೆ ಅದೇ ಕೈಹಿಡಿಯಿತು.

ಇನ್ನು ನೋಡೋಕೆ ಬಂದ ನೆಂಟರಿಷ್ಟರು. ಒಬ್ಬೊಬ್ಬರದೂ ಒಂದೊಂದು ಪ್ರಶ್ನೆ. ಸೈಕಲ್ಲಿಗೆ ಲೈಟ್ ಇತ್ತಾ? ಹೆಲ್ಮೆಟ್ ಹಾಕಿದ್ರಾ? ಫೋನಿನಲ್ಲಿ ಮಾತಾಡ್ತಿದ್ರಾ? ಒಬ್ಬರಂತೂ ಅತ್ತೆಯ ಕಿವಿಯಲ್ಲಿ "ಏನಾದ್ರೂ ತಗೊಂಡಿದ್ರಾ?" ಅಂತ ಕೇಳಿದರು. ಮಾವ ಬೀಡಿ ಕೂಡ ಮುಟ್ಟದ ಮನುಷ್ಯ. ಅತ್ತೆ ಎದ್ದು ಆಚೆ ಹೋದರು. ಕಾರು ಎಷ್ಟು ಸ್ಪೀಡಿನಲ್ಲಿತ್ತು, ಮುಂದೆ ಹೋಗುತ್ತಿದ್ದ ಸೈಕಲ್ಲು ಅವನಿಗೆ ಯಾಕೆ ಕಾಣಲಿಲ್ಲ, ಅವನ ಕೈಯಲ್ಲಿ ಫೋನ್ ಇತ್ತಾ ಅಂತ ಒಬ್ಬರೂ ಕೇಳಲಿಲ್ಲ. ಕೆಟ್ಟ ಜನ ಅಲ್ಲ ಇವರು. ಬ್ರೆಡ್ಡು, ಎಳನೀರು ತಂದವರು, ಖರ್ಚಿಗೆ ಅಂತ ಅತ್ತೆಯ ಕೈಯಲ್ಲಿ ದುಡ್ಡು ತುರುಕಿದವರು. ಆದರೂ ಅವರ ಲೆಕ್ಕದಲ್ಲಿ ರಸ್ತೆ ಕಾರಿನದು, ಸೈಕಲ್ಲು ಅಲ್ಲಿಗೆ ಬಂದಿದ್ದೇ ಒಂದು ತಪ್ಪು.

ಹೆಲ್ಮೆಟ್ ವಿಷಯ ಇಲ್ಲೇ ಹೇಳಿಬಿಡ್ತೀನಿ. ಕಾಯ್ದೆಯ 129ನೇ ಸೆಕ್ಷನ್ನಿನಲ್ಲಿರುವ ಹೆಲ್ಮೆಟ್ ಕಡ್ಡಾಯ ಮೋಟಾರು ಸೈಕಲ್ಲಿಗೆ. ತುಳಿಯುವ ಸೈಕಲ್ಲಿಗೆ ಅಲ್ಲ. ಹಾಕಿಕೊಂಡರೆ ಒಳ್ಳೆಯದೇ, ಮಾವನ ತಲೆಗೆ ಅಷ್ಟು ಹೊಲಿಗೆ ಬೀಳುತ್ತಿರಲಿಲ್ಲವೇನೋ. ಆದರೆ ತಲೆ ಮೇಲೆ ಹೆಲ್ಮೆಟ್ ಇದ್ದಿದ್ದರೆ ಕಾರು ಹಿಂದಿನಿಂದ ಗುದ್ದುತ್ತಿರಲಿಲ್ಲವಾ? ಪೆಟ್ಟು ಎಷ್ಟು ಬಿತ್ತು ಅನ್ನೋದು ಒಂದು ಮಾತು, ಪೆಟ್ಟು ಕೊಟ್ಟಿದ್ದು ಯಾರು ಅನ್ನೋದು ಬೇರೆ ಮಾತು. ಜನ ಎರಡನ್ನೂ ಕಲಸಿಬಿಡುತ್ತಾರೆ.

ಮೂರನೇ ದಿನವೋ ನಾಲ್ಕನೇ ದಿನವೋ ಹುಡುಗನ ಅಪ್ಪ ಬಂದರು. ಹಣ್ಣು ತಂದಿದ್ದರು. ಮರ್ಯಾದಸ್ಥರು, ಮಾವನ ಕಾಲ ಹತ್ತಿರ ಕೂತು "ಆಗಿದ್ದು ಆಗಿಹೋಯ್ತು, ಆಸ್ಪತ್ರೆ ಖರ್ಚು ನಾನು ನೋಡ್ಕೋತೀನಿ, ಹುಡುಗನ ಮೇಲೆ ಕೇಸ್ ಬೇಡ" ಅಂದರು. ನಮ್ಮ ಕಡೆಯ ಹಿರಿಯರಿಗೂ ಅದೇ ಸರಿ ಅನಿಸಿತು. ಅವರು ಕೊಡ್ತೀನಿ ಅಂದ ದುಡ್ಡಿನಲ್ಲಿ ಪ್ಲೇಟು ಹಾಕಿದ ಆಪರೇಷನ್ನಿನ ಬಿಲ್ಲು ಬೇಕಾದರೆ ತೀರುತ್ತಿತ್ತು. ಆದರೆ ಬಲಗೈ ಇಲ್ಲದೆ ಆರೇಳು ತಿಂಗಳು ಮನೆ ನಡೆಯಬೇಕಲ್ಲ, ಆಮೇಲೆ ಆ ಕೈ ಹೇಗಿರುತ್ತೋ ಏನೋ. ಅದನ್ನು ಯಾರೂ ಯೋಚಿಸಿರಲಿಲ್ಲ.

ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆಗ ಒಂದು ಮಾತು ಹೇಳಿದರು. ಕೇಸ್ ಹಾಕಿದರೆ ಪರಿಹಾರ ಬರೋದು ಹುಡುಗನ ಜೇಬಿನಿಂದ ಅಲ್ಲ, ಥರ್ಡ್ ಪಾರ್ಟಿ ವಿಮೆಯಿಂದ. ಪ್ರತಿ ಕಾರಿಗೂ ಆ ವಿಮೆ ಕಡ್ಡಾಯ ಮಾಡಿರೋದೇ ಇದಕ್ಕೆ. ಈ ಮಾತು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹುಡುಗನ ಅಪ್ಪನಿಗೂ ಗೊತ್ತಿರಲಿಲ್ಲ ಅನಿಸುತ್ತೆ. ಕಾರಿನವನ ಹೊಟ್ಟೆ ಮೇಲೆ ಹೊಡೆದಂತೆ ಆಗುತ್ತೆ ಅಂತ ಅಂಜಿ ಎಷ್ಟು ಬಡವರು ಕೇಸು ಬಿಟ್ಟುಕೊಟ್ಟಿರಬಹುದು!

ಸ್ಟೇಷನ್ನಿಗೆ ಹೋದೆವು. ದೂರು ಬರೆದುಕೊಟ್ಟೆವು. ಅಡ್ಡಾದಿಡ್ಡಿ ಓಡಿಸಿದ್ದಕ್ಕೆ ಐಪಿಸಿ 279, ಅದರಿಂದ ಗಂಭೀರ ಗಾಯ ಆಗಿದ್ದಕ್ಕೆ 338 ಹಾಕಿದರು. ಆಗಿನ್ನೂ ಹಳೇ ಕಾನೂನು. 2024ರ ಜುಲೈ 1ರಿಂದ ಆದ ಪ್ರಕರಣಗಳಿಗೆ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 125 ಬರುತ್ತೆ. ಮೂಳೆ ಮುರಿದರೆ ಅದು ಕಾನೂನಿನ ಲೆಕ್ಕದಲ್ಲಿ ಗಂಭೀರ ಗಾಯ, ಆದ್ದರಿಂದ 338. ದೂರು ತೆಗೆದುಕೊಂಡ ಪೊಲೀಸರೂ ಮೊದಲು ಕೇಳಿದ್ದು "ಲೈಟ್ ಇತ್ತೇನಮ್ಮಾ?" ಅಂತಲೇ.

ಸ್ಥಳ ಮಹಜರಿಗೆ ನಾನೂ ಹೋಗಿದ್ದೆ. ದೂರು ಕೊಟ್ಟವರು ಜಾಗ ತೋರಿಸಬೇಕು, ಸಾಕ್ಷಿಗೆ ಇಬ್ಬರು ಪಂಚರು ಬೇಕು. ಪೇದೆಯೊಬ್ಬರು ಬಿಳಿ ಹಾಳೆ ಮೇಲೆ ರಸ್ತೆ ಗೀಚಿ, ದಿಕ್ಕು ಹಾಕಿ, ಅಪಘಾತದ ಜಾಗ ಅಂತ ರಸ್ತೆಯ ನಡುವಿನಲ್ಲಿ ಒಂದು ಗುಣಿಸು ಚಿಹ್ನೆ ಹಾಕೋಕೆ ಹೊರಟರು. "ಇಲ್ಲಿ ಅಲ್ಲ ಸರ್, ಅಲ್ಲಿ ನೋಡಿ" ಅಂದೆ. ಡಾಂಬರು ಮುಗಿದು ಮಣ್ಣು ಶುರುವಾಗುವ ಕಡೆ ಗಾಜಿನ ಚೂರು ಇನ್ನೂ ಹಾಗೇ ಇದ್ದವು, ಹೆಡ್‌ಲೈಟಿನ ಗಾಜು. ಅಲ್ಲಿಂದ ಮುಂದಕ್ಕೆ ಡಾಂಬರಿನ ಮೇಲೆ ಪೆಡಲ್ಲು ಕೆರೆದುಕೊಂಡು ಹೋದ ಉದ್ದನೆಯ ಗೀರು, ಅಂಚಿನ ಗುಂಟವೇ. ಊಟದ ಡಬ್ಬಿಯ ಮುಚ್ಚಳ ಗಿಡದ ಬುಡದಲ್ಲಿತ್ತು. ಪೇದೆ ಕೂತು ನೋಡಿದರು. ಟೇಪು ಹಿಡಿದು ಅಂಚಿನಿಂದ ಎಷ್ಟು ದೂರ ಅಂತ ಅಳೆದರು. ಚಿಹ್ನೆ ಎಡಗಡೆ ಅಂಚಿಗೆ ಹೋಯಿತು. ಆ ಮನುಷ್ಯನಿಗೆ ನಾನು ಋಣಿ. ನಡುವಿಗೆ ಹಾಕಿದ್ದೇ ಇರಲಿ ಅಂತ ಅವರು ಹೇಳಿದ್ದಿದ್ದರೆ ನಾನೇನು ಮಾಡೋಕಾಗುತ್ತಿತ್ತು? ಎದುರಿಗಿನ ಬೇಕರಿಯಲ್ಲಿ ಕ್ಯಾಮೆರಾ ಇತ್ತು, ಅದು ಗಲ್ಲಾಪೆಟ್ಟಿಗೆ ಕಡೆಗೇ ತಿರುಗಿತ್ತು.

ಆಮೇಲೆ ಸೈಕಲ್ಲು. ಸ್ಟೇಷನ್ನಿನ ಹಿಂದೆ ಹಳೇ ಬೈಕುಗಳ ರಾಶಿಗೆ ಒರಗಿಸಿ ಇಟ್ಟಿದ್ದರು. ಆರ್‌ಟಿಓದಿಂದ ಮೋಟಾರು ವಾಹನ ನಿರೀಕ್ಷಕರು ಬಂದು ಕಾರನ್ನು ನೋಡಿ ವರದಿ ಕೊಡ್ತಾರೆ: ಎಡಗಡೆ ಹೆಡ್‌ಲೈಟ್ ಒಡೆದಿದೆ, ಬಂಪರಿನ ಎಡಮೂಲೆ ತಗ್ಗಾಗಿದೆ, ಬ್ರೇಕ್ ಸರಿ ಇದೆ, ವಾಹನದ ದೋಷದಿಂದ ಅಪಘಾತ ಆಗಿಲ್ಲ, ಹೀಗೆ. ಸೈಕಲ್ಲು ಮೋಟಾರು ವಾಹನ ಅಲ್ಲವಲ್ಲ, ಅದರ ಬಗ್ಗೆ ಹೆಚ್ಚೇನೂ ಬರೆಯುವುದಿಲ್ಲ. ನಾನು ನಿಂತು ಎಲ್ಲ ಕಡೆಯಿಂದ ಫೋಟೋ ತೆಗೆದೆ.

ಮುಂದಿನ ಚಕ್ರ ನೆಟ್ಟಗಿತ್ತು. ತಿರುಗಿಸಿದರೆ ತಿರುಗುತ್ತಿತ್ತು. ಹಿಂದಿನ ಚಕ್ರ ಸುಟ್ಟ ಹಪ್ಪಳದ ಹಾಗೆ ಸೊಟ್ಟಗಾಗಿತ್ತು. ಕ್ಯಾರಿಯರ್ ಮೇಲಕ್ಕೆ ಮಡಚಿ ಸೀಟಿನ ಕೆಳಗೆ ಸಿಕ್ಕಿಕೊಂಡಿತ್ತು. ಮಡ್‌ಗಾರ್ಡ್ ಹಿಂದಿನಿಂದ ಒಳಕ್ಕೆ ಒತ್ತಿತ್ತು, ಅದರ ತುದಿಯಲ್ಲಿದ್ದ ಕೆಂಪು ರಿಫ್ಲೆಕ್ಟರ್ ಒಡೆದು ಅರ್ಧ ಉಳಿದಿತ್ತು, ಸ್ಕ್ರೂ ಸಮೇತ. ಪೆಡಲ್ಲು, ಚೈನ್ ಗಾರ್ಡು, ಫ್ರೇಮಿನ ಬಲಮಗ್ಗಲು, ಎಲ್ಲಿಯೂ ಕಾರು ತಾಗಿದ ಗುರುತಿಲ್ಲ. ಎಡದಿಂದ ಬಲಕ್ಕೆ ಅಡ್ಡ ಹೋದ ಸೈಕಲ್ಲಿಗೆ ಕಾರು ಗುದ್ದಿದ್ದರೆ ಪೆಟ್ಟು ಬೀಳಬೇಕಾದ್ದು ಬಲಮಗ್ಗುಲಿಗೆ. ಮುರಿಯಬೇಕಾದ್ದು ಬಲಗಾಲು. ನಮ್ಮ ಬೀದಿಯ ಸೈಕಲ್ ಶಾಪಿನವರು ಫೋಟೋ ನೋಡಿ "ಇದು ಹಿಂದಿನಿಂದ ಬಿದ್ದ ಏಟು, ಇದರಲ್ಲಿ ಕೇಳೋದೇನಿದೆ" ಅಂದರು. ಅವತ್ತೇ ನನಗೆ ಧೈರ್ಯ ಬಂದಿದ್ದು.

ದಯವಿಟ್ಟು ಸೈಕಲ್ಲನ್ನು ಗುಜರಿಗೆ ಹಾಕಬೇಡಿ, ರಿಪೇರಿಗೂ ಕೊಡಬೇಡಿ. ಫೋಟೋ ತೆಗೆಯದೆ ಮುಟ್ಟಲೇಬೇಡಿ.

ಚಾರ್ಜ್‌ಶೀಟ್ ಹುಡುಗನ ಮೇಲೆ ಬಂತು. ಪರಿಹಾರದ ಅರ್ಜಿ ಬೇರೆಯೇ ಹಾಕಬೇಕು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ. ಎಂಎಸಿಟಿ ಅಂತಾರಲ್ಲ, ಅದು. 2022ರ ಏಪ್ರಿಲ್‌ನಿಂದ ಬಂದ ತಿದ್ದುಪಡಿ ಪ್ರಕಾರ ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಮೊದಲು ಹೀಗೆ ಗಡುವು ಇರಲಿಲ್ಲ, ಹಾಗಾಗಿ "ನಿಧಾನಕ್ಕೆ ಹಾಕಿದರಾಯ್ತು" ಅನ್ನುವವರು ಈಗಲೂ ಸಿಗ್ತಾರೆ. ಅವರ ಮಾತು ಕೇಳಬೇಡಿ.

ವಕೀಲರು ನಮ್ಮ ಮುಂದೆ ಎರಡು ದಾರಿ ಇಟ್ಟರು. ಮೋಟಾರು ವಾಹನ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ ಹೋದರೆ ತಪ್ಪು ಯಾರದು ಅಂತ ಸಾಬೀತು ಮಾಡಬೇಕಾಗಿಲ್ಲ. ಗಂಭೀರ ಗಾಯಕ್ಕೆ ಎರಡೂವರೆ ಲಕ್ಷ, ಸಾವಾದರೆ ಐದು ಲಕ್ಷ. ಅಲ್ಲಿಗೆ ಮುಗಿಯಿತು. 166ರಲ್ಲಿ ಹೋದರೆ ಕಾರಿನವನ ನಿರ್ಲಕ್ಷ್ಯ ತೋರಿಸಬೇಕು, ಸಮಯ ಹಿಡಿಯುತ್ತೆ, ಆದರೆ ಆದ ನಷ್ಟಕ್ಕೆ ತಕ್ಕ ಪರಿಹಾರ ಸಿಗುತ್ತೆ. ಮಾವ ತಲೆ ತಗ್ಗಿಸಿ ಕೂತು ಕೇಳಿದರು. ಆಮೇಲೆ, "ದುಡ್ಡು ಹಾಗಿರಲಿ, ನಾನು ಅಡ್ಡ ಹೋಗಿಲ್ಲ ಅಂತ ಎಲ್ಲಿ ಬರೀತಾರೋ ಅಲ್ಲಿಗೆ ಹಾಕಿ ಸ್ವಾಮಿ" ಅಂದರು. 166 ಹಾಕಿದೆವು.

ಇಲ್ಲಿ ಒಂದು ಲೆಕ್ಕ ಗೊತ್ತಿರಬೇಕು. ತಪ್ಪಿನಲ್ಲಿ ಗಾಯಾಳುವಿನ ಪಾಲೂ ಇದೆ ಅಂತ ನ್ಯಾಯಮಂಡಳಿಗೆ ಅನಿಸಿದರೆ ಅಷ್ಟು ಪಾಲು ಪರಿಹಾರದಲ್ಲಿ ಕಡಿತ ಆಗುತ್ತೆ. ನಾಲ್ಕು ಲಕ್ಷ ಬರಬೇಕಿದ್ದು ನಿಮ್ಮ ತಪ್ಪು ನೂರಕ್ಕೆ 25 ಅಂದರೆ ಒಂದು ಲಕ್ಷ ಹೋಯಿತು. ಹಾಗಾಗಿ ಬೀದಿಯಲ್ಲಿ ಸುಮ್ನೆ ಆಡಿದ "ಅಡ್ಡ ಬಂದ" ಅನ್ನೋ ಮಾತಿಗೆ ಕೊನೆಗೆ ರೂಪಾಯಿ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ, ಆ ಬೆಲೆ ಕೊಡುವವನು ಕೈ ಮುರಿದುಕೊಂಡವನು.

ವಿಮೆ ಕಂಪನಿಯ ಆಕ್ಷೇಪಣೆ ಬಂದಾಗ ಓದಿದೆ. ಸೈಕಲ್ ಸವಾರ ಯಾವ ಸೂಚನೆಯೂ ಕೊಡದೆ ಏಕಾಏಕಿ ಬಲಕ್ಕೆ ತಿರುಗಿದ, ದೀಪ ಇರಲಿಲ್ಲ, ಆಸ್ಪತ್ರೆಯ ದಾಖಲೆಯಲ್ಲಿ ತಾನೇ ಬಿದ್ದಿದ್ದಾಗಿ ಇದೆ. ಅಷ್ಟೂ ಇತ್ತು. ವಕೀಲರು 2020ರ ಒಂದು ಸುಪ್ರೀಂ ಕೋರ್ಟ್ ತೀರ್ಪು ತೋರಿಸಿದರು, ಮೊಹಮ್ಮದ್ ಸಿದ್ದಿಕ್ ಪ್ರಕರಣ. ಒಂದೇ ಬೈಕಿನಲ್ಲಿ ಮೂವರು ಹೋಗುತ್ತಿದ್ದರು, ಹಿಂದಿನಿಂದ ಕಾರು ಗುದ್ದಿತ್ತು. ಮೂವರು ಕೂತಿದ್ದು ನಿಯಮಕ್ಕೆ ವಿರುದ್ಧ ಇರಬಹುದು, ಆದರೆ ಆ ತಪ್ಪಿಗೂ ಅಪಘಾತಕ್ಕೂ ಸಂಬಂಧ ಇದೆ ಅಂತ ತೋರಿಸದೆ ಅವರ ಪಾಲು ಕಡಿತ ಮಾಡೋಕಾಗಲ್ಲ ಅಂತ ಕೋರ್ಟು ಹೇಳಿತು. ಅದನ್ನು ಓದಿದಾಗ ಆಸ್ಪತ್ರೆಯಲ್ಲಿ ಬಂದ ಪ್ರಶ್ನೆಗಳೆಲ್ಲ ನೆನಪಾದವು. ದೇಶದ ದೊಡ್ಡ ಕೋರ್ಟು ಇಷ್ಟು ಸ್ಪಷ್ಟವಾಗಿ ಹೇಳಿದೆ, ನಮ್ಮ ಮನೆಯವರಿಗೇ ತಲುಪಿಲ್ಲವಲ್ಲ ಅನಿಸಿತು.

ಮಾವನ ಪಾಟೀಸವಾಲು ನಡೆದ ದಿನ ನಾನು ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅವರು ಪಿಡಬ್ಲ್ಯು-1, ಅಂದರೆ ಅರ್ಜಿದಾರರ ಕಡೆಯ ಮೊದಲ ಸಾಕ್ಷಿ. ವಿಮೆ ಕಂಪನಿಯ ವಕೀಲರು ಗದರಲಿಲ್ಲ, ನಿಧಾನವಾಗಿಯೇ ಕೇಳಿದರು. "ಹಿಂದೆ ಕಾರು ಬರ್ತಿದ್ದನ್ನು ನೀವು ನೋಡಿದ್ರಾ?" "ಇಲ್ಲ ಸ್ವಾಮಿ." "ಯಾಕೆ ನೋಡಲಿಲ್ಲ?" "ಮುಂದೆ ಹೋಗೋನು ಮುಂದೆ ನೋಡ್ತಾನೆ ಸ್ವಾಮಿ. ಹಿಂದೆ ಬರೋರು ನನ್ನ ನೋಡ್ಬೇಕಲ್ವಾ?" ನ್ಯಾಯಾಧೀಶರು ಒಮ್ಮೆ ತಲೆ ಎತ್ತಿ ನೋಡಿದರು. ಉಳಿದದ್ದು ಕೋರ್ಟಿನ ಭಾಷೆಯಲ್ಲಿ ಟೈಪಾಗುತ್ತಾ ಹೋಯಿತು. ನಾನು ಏಕಾಏಕಿ ಬಲಕ್ಕೆ ತಿರುಗಿದ್ದರಿಂದ ಅಪಘಾತವಾಯಿತು ಎಂದರೆ ಸರಿಯಲ್ಲ. ನನ್ನ ನಿರ್ಲಕ್ಷ್ಯದಿಂದಲೇ ಗಾಯವಾಯಿತು ಎಂದರೆ ಸರಿಯಲ್ಲ. ಪರಿಹಾರದ ಆಸೆಗೆ ಸುಳ್ಳು ಹೇಳುತ್ತಿದ್ದೇನೆ ಎಂದರೆ ಸರಿಯಲ್ಲ. ಪ್ರತಿ ಸಲವೂ ಮಾವ "ಸರಿಯಲ್ಲ" ಅಂತ ಗಟ್ಟಿಯಾಗಿ ಹೇಳಿದರು. ಸಹಿ ಹಾಕೋಕೆ ಪೆನ್ನು ಕೊಟ್ಟಾಗ ಬೆರಳು ಮಡಚೋಕೆ ಆಗದೆ ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಸಹಿ ಹಾಕಿದರು.

ಡಾಕ್ಟರು ಬಂದು ಸಾಕ್ಷಿ ಹೇಳಿದರು. ಇಲ್ಲೂ ಒಂದು ವಿಷಯ ಇದೆ. ಕೈಗೆ ಶೇಕಡಾ ಇಷ್ಟು ಊನ ಅಂತ ಡಾಕ್ಟರು ಹೇಳಿದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಹಿಡಿಯೋದು ಸಾಮಾನ್ಯ ರೂಢಿ. ಆದರೆ ಸುಪ್ರೀಂ ಕೋರ್ಟು 2010ರ ರಾಜ್‌ಕುಮಾರ್ ಪ್ರಕರಣದಲ್ಲಿ, ಊನ ಎಷ್ಟು ಅನ್ನೋದಕ್ಕಿಂತ ಅದರಿಂದ ಆ ಮನುಷ್ಯನ ದುಡಿಮೆ ಎಷ್ಟು ಹೋಯಿತು ಅಂತ ನೋಡಿ ಅಂದಿದೆ. ಬಲಗೈ ಮಣಿಕಟ್ಟು ತಿರುಗದಿದ್ದರೆ ಆಫೀಸಿನಲ್ಲಿ ಕೂರುವ ನನ್ನಂಥವಳಿಗೆ ಕಷ್ಟ, ಮಾವನಿಗೆ ಕಸುಬೇ ಹೋಯಿತು. ಕೀಸುಳಿ ಹಿಡಿಯಲಾರರು, ಸುತ್ತಿಗೆ ಎತ್ತಿದರೆ ಜಾರುತ್ತೆ. ನಮ್ಮ ವಕೀಲರು ಇದನ್ನು ಚೆನ್ನಾಗಿ ಹಿಡಿದು ವಾದ ಮಾಡಿದರು. ತಿಂಗಳ ದುಡಿಮೆ, ವರ್ಷಕ್ಕೆ ಹನ್ನೆರಡು, ಅದನ್ನು ವಯಸ್ಸಿಗೆ ತಕ್ಕ ಗುಣಕದಿಂದ ಗುಣಿಸಬೇಕು (44 ವಯಸ್ಸಿಗೆ ಅದು 14), ಅದಕ್ಕೆ ದುಡಿಮೆ ನಷ್ಟದ ಶೇಕಡಾ. ಲೆಕ್ಕ ಹೀಗೆ ಹೋಗುತ್ತೆ.

ಈ ನಡುವೆ ಹುಡುಗ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡು ದಂಡ ಕಟ್ಟಿದ. ನ್ಯಾಯಮಂಡಳಿಯಲ್ಲಿ ಸಾಕ್ಷಿ ಹೇಳೋಕೆ ಬರಲಿಲ್ಲ, ವಿಮೆ ಕಂಪನಿಯೂ ಕರೆಸಲಿಲ್ಲ.

ತೀರ್ಪು ಬಂದಿದ್ದು 2025ರಲ್ಲಿ. ನನಗೆ ಬೇಕಾಗಿದ್ದ ಪುಟ ಮೊದಲು ತೆರೆದೆ. ಮಹಜರು ಮತ್ತು ನಕ್ಷೆ ಪ್ರಕಾರ ಅಪಘಾತ ನಡೆದಿದ್ದು ರಸ್ತೆಯ ಎಡ ಅಂಚಿನಲ್ಲಿ. ಫೋಟೋಗಳಲ್ಲಿ ಸೈಕಲ್ಲಿನ ಹಿಂಭಾಗ ಮಾತ್ರ ಜಖಂ. ಕಾರಿನ ಜಖಂ ಎಡ ಮುಂಭಾಗದಲ್ಲಿ. ಸೈಕಲ್ ಬಲಕ್ಕೆ ತಿರುಗಿತು ಅಂತ ಹೇಳೋಕೆ ಚಾಲಕನೇ ಬಂದಿಲ್ಲ. ಆಸ್ಪತ್ರೆಯ ಮೊದಲ ಸಾಲನ್ನು ಬರೆಸಿದ್ದು ಗಾಯಾಳು ಅಲ್ಲ. ಅರ್ಜಿದಾರನ ಕಡೆಯಿಂದ ನಿರ್ಲಕ್ಷ್ಯ ಇಲ್ಲ. ಇಂಥ ಕೇಸಿನಲ್ಲಿ ಕ್ರಿಮಿನಲ್ ಕೇಸಿನ ಹಾಗೆ ಒಂದು ಚೂರೂ ಸಂಶಯ ಉಳಿಯಬಾರದು ಅಂತಿಲ್ಲ, ಯಾವುದು ಹೆಚ್ಚು ಸಂಭವ ಅಂತ ನೋಡ್ತಾರೆ. ಮಾವನಿಗೆ ಆ ಪುಟ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದರು. ಓದಿದೆ. ಅತ್ತೆ ಅದನ್ನು ಜೆರಾಕ್ಸ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದಾರೆ. ಮೊತ್ತ ಎಷ್ಟು ಅಂತ ಬರೆಯೋದು ಮಾವನಿಗೆ ಇಷ್ಟ ಇಲ್ಲ, ಬರೆಯಲ್ಲ. ಒಂದು ಭಾಗ ಬ್ಯಾಂಕಿನಲ್ಲಿ ಠೇವಣಿ ಇಡಬೇಕು ಅಂತ ಆದೇಶ ಇದೆ.

ಒಂದು ಬೇಜಾರು ಮಾತ್ರ ಹೋಗಿಲ್ಲ. 2017ರಲ್ಲಿ ಟ್ರಿಣ್ ಟ್ರಿಣ್ ಅನ್ನೋ ಬಾಡಿಗೆ ಸೈಕಲ್ ಯೋಜನೆ ಬಂದಾಗ ನಮ್ಮೂರು ಸೈಕಲ್ಲಿಗೆ ಹೇಳಿ ಮಾಡಿಸಿದ ಊರು ಅಂತ ಎಲ್ಲರೂ ಹೆಮ್ಮೆ ಪಟ್ಟಿದ್ದೆವು. ಬೆಳಿಗ್ಗೆ ಚಾಮುಂಡಿ ಬೆಟ್ಟ ಹತ್ತುವ ಹುಡುಗರ ದುಬಾರಿ ಸೈಕಲ್ಲಿಗೆ ಕಾರು ತಾಗಿದರೆ ಜನ ಕಾರಿನವನನ್ನು ತಡೆದು ಕೇಳ್ತಾರೆ, ಕೇಳಲೇಬೇಕು. ಕ್ಯಾರಿಯರಿಗೆ ಡಬ್ಬಿ ಕಟ್ಟಿಕೊಂಡು ಗಾರೆ ಕೆಲಸಕ್ಕೆ, ಮರಗೆಲಸಕ್ಕೆ, ಸೆಕ್ಯುರಿಟಿ ಕೆಲಸಕ್ಕೆ ಹೋಗುವವರು ಬಿದ್ದರೆ "ಅಡ್ಡ ಬಂದಿರ್ತಾನೆ ಬಿಡಿ" ಅಂತಾರೆ. ನೆದರ್‌ಲ್ಯಾಂಡ್ಸ್‌ನಲ್ಲಿ ಕಾನೂನು ಶುರುವಾಗೋದೇ ಇನ್ನೊಂದು ತುದಿಯಿಂದ. ಕಾರು ಸೈಕಲ್ಲಿಗೆ ಗುದ್ದಿದರೆ ಹೊಣೆ ಕಾರಿನ ಕಡೆಯದು ಅಂತಲೇ ಮೊದಲು ಹಿಡಿಯುತ್ತಾರೆ. ಅಲ್ಲ ಅಂತ ತೋರಿಸಬೇಕಾದವರು ಕಾರಿನವರು. 14 ವರ್ಷದೊಳಗಿನ ಮಕ್ಕಳಾದರಂತೂ ಹೆಚ್ಚುಕಮ್ಮಿ ಪೂರ್ತಿ ಹೊಣೆ. ನಮ್ಮ 164ನೇ ಸೆಕ್ಷನ್ನಿನಲ್ಲಿ ಆ ಯೋಚನೆಯ ಒಂದು ಚೂರು ಇದೆ. ಅದು ಇನ್ನೂ ಬೆಳೆಯಬೇಕು ಅಂತ ನನ್ನ ಆಸೆ.

ಮಾವ ಈಗ ಒಂದು ಫರ್ನಿಚರ್ ಅಂಗಡಿಯಲ್ಲಿ ಅಳತೆ ತೆಗೆಯೋದು, ಹುಡುಗರಿಗೆ ಕೆಲಸ ಹೇಳಿಕೊಡೋದು ಮಾಡ್ತಾರೆ. ಸಂಬಳ ಮೊದಲಿಗಿಂತ ಕಡಿಮೆ. ವಿಮೆ ಕಂಪನಿ ಹೈಕೋರ್ಟಿಗೆ ಅಪೀಲು ಹೋಗಿದೆ, ಇನ್ನೂ ನಡೆಯುತ್ತಿದೆ. ಅಪೀಲಿನ ಪ್ರತಿ ಬಂದಾಗ ಮೊದಲ ಹಾಳೆಯಿಂದ ಕೊನೆ ಹಾಳೆಯವರೆಗೆ ಓದಿದೆ. ಅವರ ತಕರಾರೆಲ್ಲ ದುಡಿಮೆ ನಷ್ಟದ ಶೇಕಡಾ ಜಾಸ್ತಿಯಾಯಿತು ಅನ್ನೋದರ ಬಗ್ಗೆ. ಮಾವ ಬಲಕ್ಕೆ ತಿರುಗಿದರು ಅಂತ ಎಲ್ಲೂ ಹೇಳಿಲ್ಲ.